ಮೂರನೇ ಜೊತೆ

“ಏಯ್ ಗುಂಡಿ, ಚಪ್ಪಲಿ ಆಚೆ ಬಿಟ್ಟು ಬಾರೋ. ಇದೇನು ನಿಮ್ಮಪ್ಪನ ಮೋರಿ ಅಂದ್ಕೊಂಡ್ಯಾ?”

ಹೇಳಿದವನು ವಾರ್ಡಿನ ಸದಸ್ಯ. ಹೇಳಿದ್ದು ಮೈಕಿನಲ್ಲಿ. ಸಭಾಂಗಣದಲ್ಲಿ ಇನ್ನೂರು ಜನ ಕೂತಿದ್ದರು. ಇನ್ನೂರು ಜನರ ಕಾಲಲ್ಲೂ ಏನೋ ಒಂದಿತ್ತು. ಬೂಟು, ಸ್ಯಾಂಡಲ್ಲು, ಕೆಸರು ಮೆತ್ತಿದ ರಬ್ಬರಿನ ಚಪ್ಪಲಿ. ಯಾರೂ ಬಿಚ್ಚಿರಲಿಲ್ಲ. ಬಿಚ್ಚು ಅಂತ ಹೇಳಿಸಿಕೊಂಡವನು ಇವನೊಬ್ಬನೇ.

ಗುಂಡಿ ಬಾಗಿಲಲ್ಲೇ ನಿಂತ.

“ಬಿಚ್ಚೋಕೆ ಅದೇನು ಸಂಕಟ? ಬರಿಗಾಲಲ್ಲಿ ಓಡೋದು ನಿಮ್ಮ ಮನೆತನದ ವಿದ್ಯೆ ಅಲ್ವೇನೋ?”

ಮುಂದಿನ ಸಾಲು ನಕ್ಕಿತು. ಹಿಂದಿನ ಸಾಲಿಗೆ ಅರ್ಥವಾಗಲಿಲ್ಲ. ಮುಂದಿನವರು ನಕ್ಕರಲ್ಲ ಎಂದು ಅದೂ ನಕ್ಕಿತು.

ವೇದಿಕೆಯ ಮುಂದೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಬೆಂಕಿಪೊಟ್ಟಣದಷ್ಟು ಅಂಗಡಿಗಳು, ಹೆಬ್ಬೆರಳಿನಷ್ಟು ಮರಗಳು, ಅಕ್ಕಿಕಾಳಿನಷ್ಟು ಜನ. ಊರಿನ ನಟ್ಟನಡುವೆ ಇಪ್ಪತ್ತು ವರ್ಷದಿಂದ ಹಾಳುಬಿದ್ದ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಜಾಗದಲ್ಲಿ ಏಳಲಿದ್ದ ಕಟ್ಟಡ ಅದು. ನಾಲ್ಕು ಮಹಡಿ. ಹಿಂದುಗಡೆ ಕಾರು ನಿಲ್ಲಿಸುವ ಬಯಲು. ಎಂಜಿನಿಯರ್ ಕೈಯಲ್ಲಿ ಉದ್ದನೆಯ ಕಡ್ಡಿ ಹಿಡಿದು ತೋರಿಸುತ್ತಿದ್ದ. ಎಲ್ಲರ ಕಣ್ಣು ಅಂಗಡಿಗಳ ಮೇಲಿತ್ತು. ಗುಂಡಿಯ ಕಣ್ಣು ಹಿಂದಿನ ಬಯಲಿನ ಮೇಲಿತ್ತು. ಅಲ್ಲಿ ಬೂದು ಬಣ್ಣ ಬಳಿದಿದ್ದರು, ನುಣ್ಣಗೆ, ಒಂದು ಗೀರೂ ಇಲ್ಲದ ಹಾಗೆ.

“ಹಿಂದಿನ ಅಂಗಳದಲ್ಲಿ ಬಣ್ಣದ ನೀರಿನ ಗುಂಡಿ ಇದೆ,” ಅಂದ ಅವನು, ನಿಂತಲ್ಲಿಂದಲೇ. “ಅದನ್ನ ತೆಗೆದು ನೋಡ್ತೀರಾ?”

ಎಂಜಿನಿಯರ್ ಬಾಯಿ ತೆರೆದ. ಅವನಿಗಿಂತ ಮೊದಲು ಸದಸ್ಯ ಮೈಕು ಎಳೆದುಕೊಂಡ.

“ಅಲ್ಲಿ ಗುಂಡಿಗಿಂಡಿ ಏನೂ ಇಲ್ಲ. ಇದ್ದ ಒಂದು ಗುಂಡಿ ಇಲ್ಲೇ ಬಾಗಿಲಲ್ಲಿ ನಿಂತಿದೆ ನೋಡಿ.”

ಮತ್ತೆ ನಗು. ಗುಂಡಿ ನಗುವವರನ್ನು ನೋಡಲಿಲ್ಲ. ಎಂಜಿನಿಯರ್ ಸದಸ್ಯನ ಕಡೆ ಒಂದು ಸಲ ನೋಡಿದ್ದನ್ನು ನೋಡಿದ. ಆ ನೋಟವನ್ನು ಗಂಟು ಕಟ್ಟಿಕೊಂಡು, ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು, ಆಚೆ ಬಂದ.

ಅವನಿಗೆ ಗುಂಡಿ ಅಂತ ಹೆಸರಿಟ್ಟಿದ್ದು ಊರು. ಕಟ್ಟಿಕೊಂಡ ಮೋರಿ, ತುಂಬಿದ ಮಲದ ಗುಂಡಿ, ಹೋಟೆಲಿನ ಜಿಡ್ಡಿನ ತೊಟ್ಟಿ, ಯಾವುದೇ ಆಗಲಿ, ಜನ ಅವನನ್ನೇ ಕರೆಯುತ್ತಿದ್ದರು. ಕರೆದವರು ಮೂಗು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಕುಡಿಯಲು ನೀರು ಕೇಳಿದರೆ ಪಾತ್ರೆ ಮೇಲೆತ್ತಿ ಸುರಿಯುತ್ತಿದ್ದರು. ವಯಸ್ಸು ಇಪ್ಪತ್ತೆಂಟು. ಬೆನ್ನು ನಲವತ್ತರದ್ದು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ.

ಅವನು ಯಾರನ್ನೂ ನಂಬುತ್ತಿರಲಿಲ್ಲ. ಇಳಿಯುವ ಮೊದಲು ಬತ್ತಿ ಹಚ್ಚಿ ಕೆಳಗೆ ಬಿಡುತ್ತಿದ್ದ. ಬತ್ತಿ ಆರಿದರೆ ಇಳಿಯುತ್ತಿರಲಿಲ್ಲ. ಹಗ್ಗದ ಗಂಟನ್ನು ತಾನೇ ಹಾಕಿ, ತಾನೇ ಎಳೆದು ನೋಡುತ್ತಿದ್ದ. ಇನ್ನೊಂದು ಅಭ್ಯಾಸವೂ ಇತ್ತು. ಚಪ್ಪಲಿ ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಜ್ವರ ಬಂದು ಬಚ್ಚಲಿಗೆ ಹೋದರೂ ಚಪ್ಪಲಿ.

ಅದಕ್ಕೆ ಕಾರಣವಿತ್ತು.

ಗುಂಡಿ ಕೆಲಸದವರಲ್ಲಿ ಒಂದು ಕಟ್ಟಳೆ. ಇಳಿಯುವವನು ಚಪ್ಪಲಿಯನ್ನು ಗುಂಡಿಯ ಬಾಯಲ್ಲಿ ಬಿಡಬೇಕು, ತುದಿ ಹೊರಮುಖವಾಗಿ. ಮೇಲೆ ನಿಂತವನು ಎಷ್ಟು ಜನ ಒಳಗಿದ್ದಾರೆ ಅಂತ ಎಣಿಸುವುದು ಚಪ್ಪಲಿ ನೋಡಿ. ಬಾಯಲ್ಲಿ ಒಂದು ಜೊತೆ ಉಳಿದಿದ್ದರೂ ಮುಚ್ಚಳ ಹಾಕುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆಯಬೇಕಾದವರಿಗೆ ಇವರ ಲೆಕ್ಕ ಬೇಕಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ನೂಲಿನ ಉಂಡೆಗೆ ಪುಸ್ತಕವಿತ್ತು, ಬಣ್ಣದ ಡಬ್ಬಕ್ಕೆ ಪುಸ್ತಕವಿತ್ತು, ಗೇಟಿನಲ್ಲಿ ಒಳಬರುವವರ ಹೆಸರು ಬರೆಯುವ ಪುಸ್ತಕವೂ ಇತ್ತು. ಆದರೆ ಗುಂಡಿ ಕೆಲಸದವರು ಗೇಟಿನಿಂದ ಬರುವಂತಿರಲಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಅದರಲ್ಲಿ ನುಸುಳಿ ಬರಬೇಕಿತ್ತು, ನಾಯಿ ಬಂದ ಹಾಗೆ.

ಅಪ್ಪ ಆ ಕಿಂಡಿಯಲ್ಲಿ ಹೋದವನು ಮತ್ತೆ ಬರಲಿಲ್ಲ.

ಆಗ ಇವನಿಗೆ ಎಂಟು ವರ್ಷ. ಹಿಂದಿನ ದಿನ ಶಾಲೆಯಲ್ಲಿ ಮೇಷ್ಟ್ರು ಇವನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು, ಬರಿಗಾಲಲ್ಲಿ ಬಂದಿದ್ದಕ್ಕೆ. ಅಂಗಾಲು ಬೊಬ್ಬೆ ಎದ್ದಿತ್ತು. ಬೆಳಿಗ್ಗೆ ಅಳುತ್ತ ಕೂತವನ ಮುಂದೆ ಅಪ್ಪ ತನ್ನ ಚಪ್ಪಲಿ ಬಿಚ್ಚಿಟ್ಟ. “ಹಾಕ್ಕೊಂಡು ಹೋಗೋ ಮಗಾ. ನಾನು ಹೇಗಿದ್ರೂ ಅಲ್ಲಿ ಬಿಚ್ಚಿಡೋದೇ ತಾನೆ.” ದೋಣಿಯಂಥ ಚಪ್ಪಲಿಯೊಳಗೆ ಮಗ ಪಾದ ಜಾರಿಸಿಕೊಂಡು ನಡೆದ. ಅಪ್ಪ ನಗುತ್ತ ಶಾಲೆಯವರೆಗೂ ಬಂದ, ಬರಿಗಾಲಲ್ಲಿ. ಅದರಿಂದ ಕೆಲಸಕ್ಕೆ ತಡವಾಯಿತು.

ಆ ಹೊತ್ತಿಗಾಗಲೇ ಇಬ್ಬರು ಇಳಿದಿದ್ದರು. ಹಗ್ಗ ಹಿಡಿದು ಮೇಲೆ ನಿಲ್ಲಬೇಕಾದವನು ಅಮ್ಮನ ಅಣ್ಣ, ಇವನ ಮಾವ. ಬಕೆಟ್ಟು ತರಲು ಗೋಡೌನಿಗೆ ಹೋಗಿದ್ದ. ಅಪ್ಪ ಬಂದವನೇ ಮೆಟ್ಟಿಲ ಕಂಬಿ ಹಿಡಿದು ಇಳಿದನಂತೆ. “ಅಂತೆ” ಅಂತಲೇ ಹೇಳಬೇಕು. ನೋಡಿದವರಿಲ್ಲ. ಮಾವ ವಾಪಸು ಬಂದಾಗ ಕೆಳಗಿನಿಂದ ಸದ್ದಿರಲಿಲ್ಲ. ಕೊಕ್ಕೆ ಬಿಟ್ಟು ಎಳೆದರು. ಇಬ್ಬರು ಬಂದರು, ಇಬ್ಬರೂ ಸತ್ತಿದ್ದರು. ಸೂಪರ್‌ವೈಸರ್ ಕೇಳಿದ, “ಎಷ್ಟು ಜನ ಇದ್ರೋ?” ಮಾವ ಗುಂಡಿಯ ಬಾಯಿ ನೋಡಿದ. ಎರಡು ಜೊತೆ. “ಇಬ್ಬರು ಸಾರ್,” ಅಂದ. ಸೂಪರ್‌ವೈಸರ್ ಮುಚ್ಚಳ ಹಾಕಿಸಿದ.

ಆ ಸೂಪರ್‌ವೈಸರೇ ಇವತ್ತಿನ ವಾರ್ಡಿನ ಸದಸ್ಯ.

ಸಂಜೆ ಅಮ್ಮ ಹೋಗಿ ಬಾಯಿ ಬಾಯಿ ಬಡಿದುಕೊಂಡಳು. “ಬರಿಗಾಲಲ್ಲಿ ಬಂದಿದಾನೆ, ಚಪ್ಪಲಿ ಮಗನ ಕಾಲಲ್ಲಿದೆ, ಮುಚ್ಚಳ ತೆಗೀರಿ!” ಸೂಪರ್‌ವೈಸರ್ ಹಲ್ಲುಕಡ್ಡಿ ಆಡಿಸುತ್ತ ಅಂದ, “ಬರಿಗಾಲಾದ್ರೆ ಓಡಿಹೋಗೋಕೂ ಸಲೀಸು ಕಣಮ್ಮ. ಯಾವಳ ಮನೇಲಿದಾನೋ ವಿಚಾರಿಸು.” ಮರುತಿಂಗಳು ಕಾರ್ಖಾನೆಯೂ ಮುಚ್ಚಿತು. ಪೊಲೀಸರು ಕಾಗದದಲ್ಲಿ ‘ತಲೆಮರೆಸಿಕೊಂಡಿದ್ದಾನೆ’ ಅಂತ ಬರೆದರು. ಅಮ್ಮ ಠಾಣೆಗೆ ಹೋದಳು, ಕಚೇರಿಗೆ ಹೋದಳು, ಕಾರ್ಖಾನೆ ಮಾಲೀಕನ ಮನೆಗೆ ಹೋದಳು. ಒಬ್ಬ ನಾಳೆ ಬಾ ಅಂದ. ಇನ್ನೊಬ್ಬ ಅರ್ಜಿ ಬರೆಸಿಕೊಂಡು ಬಾ ಅಂದ. ಮತ್ತೊಬ್ಬ ಅರ್ಜಿ ಇಸಕೊಂಡು ಅದರ ಮೇಲೆ ಲೋಟ ಇಟ್ಟ. ಅರ್ಜಿಗಳ ಪ್ರತಿಗಳು ಟ್ರಂಕಿನಲ್ಲಿ ಹಳದಿಯಾದವು. ಅದೇ ಟ್ರಂಕಿನ ತಳದಲ್ಲಿ ಅಪ್ಪನ ಚಪ್ಪಲಿ. ಅದರ ಅಟ್ಟೆಯ ಮೇಲೆ ಐದು ಬೆರಳಿನ ಗುರುತು, ಕಡುನೀಲಿ. ಬಣ್ಣದ ನೀರಲ್ಲಿ ನೆಂದ ಪಾದ ಒತ್ತಿ ಒತ್ತಿ ಬಿದ್ದ ಗುರುತು.

ಇಪ್ಪತ್ತು ವರ್ಷ ಅಮ್ಮ ಡಿಪೋದಲ್ಲಿ ಬಸ್ಸು ತೊಳೆದಳು. ಇಪ್ಪತ್ತು ವರ್ಷವೂ ಅವಳನ್ನು ಓಡಿಹೋದವನ ಹೆಂಡತಿ ಅಂದರು.

ಮಗ ಶಾಲೆ ಬಿಟ್ಟ. ಚಪ್ಪಲಿ ಹಾಕಿಕೊಂಡು ಹೋಗಿ ಅಪ್ಪನನ್ನು ಕೊಂದೆ ಅಂತ ಬಹಳ ವರ್ಷ ಅಂದುಕೊಂಡಿದ್ದ. ಆಮೇಲೆ ತಾನೇ ಗುಂಡಿಗೆ ಇಳಿಯತೊಡಗಿದ. ಇಳಿದಾಗ ಮೇಲಿನವರು ತನ್ನ ಹೆಸರು ಕೇಳದೆ ಚಪ್ಪಲಿ ನೋಡುವುದನ್ನು ಕಂಡ. ಅವತ್ತಿನಿಂದ ಸಿಟ್ಟು ಜಾಗ ಬದಲಾಯಿಸಿತು.

*

ಸಭೆಯಾದದ್ದು ಸೋಮವಾರ. ಬುಧವಾರ ನೆಲ ಸಮ ಮಾಡುವ ಯಂತ್ರದ ಹಿಂಚಕ್ರ ಹಿಂದಿನ ಅಂಗಳದಲ್ಲಿ ಧಸಕ್ಕನೆ ಕುಸಿಯಿತು. ಗುರುವಾರ ಎಂಜಿನಿಯರ್ ಗುಂಡಿಯ ಮನೆಯ ಬಾಗಿಲಲ್ಲಿದ್ದ. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ.

“ತಾವು ಮನೇಲಿ ಇರ್ತೀರೋ ಇಲ್ವೋ ಅಂದ್ಕೊಂಡೆ.”

ಸೋಮವಾರ ‘ಏಯ್’ ಅನ್ನುವವನ ಪಕ್ಕ ಕೂತಿದ್ದವನು ಗುರುವಾರ ‘ತಾವು’ ಅಂದರೆ ನಡುವೆ ಏನೋ ಕೊಳೆತಿದೆ ಅಂತ ಲೆಕ್ಕ. ಗುಂಡಿ ಕುರ್ಚಿ ತೋರಿಸಿದ. ಮನೆಯೆಂದರೆ ಒಂದೇ ಕೋಣೆ. ಹಿಂಗೋಡೆ ಕಾರ್ಖಾನೆಯದ್ದೇ. ಮುಚ್ಚಿದ ಕಿಂಡಿಯ ಇಟ್ಟಿಗೆಗಳು ಕಿಟಕಿಯಿಂದ ಕಾಣುತ್ತಿದ್ದವು. ಎಂಜಿನಿಯರ್ ಕುರ್ಚಿಯ ಅಂಚಿನಲ್ಲಿ ಕೂತ, ಬೇಕಾದರೆ ಒಂದೇ ಏಟಿಗೆ ಏಳುವ ಹಾಗೆ.

“ಏನಿಲ್ಲ, ಆ ಗುಂಡಿ ಎಲ್ಲಿದೆ ಅಂತ ಗೊತ್ತಾಗ್ಬೇಕು. ಚಕ್ರ ಕುಸಿದ ಜಾಗದಲ್ಲಿ ಬರೀ ಹಳೇ ಮೋರಿ ಸಿಕ್ತು. ಹಳೇ ನಕ್ಷೆ ಸಿಗ್ತಾ ಇಲ್ಲ. ವಾಚ್‌ಮನ್ ಮುದುಕನ್ನ ಕೇಳಿದ್ರೆ ಮರೆತುಹೋಗಿದೆ ಅಂತಾನೆ. ನೆಲ ತಟ್ಟಿ ಹೇಳೋರು ನೀವೊಬ್ರೇ ಅಂತ ಎಲ್ರೂ ಅಂದ್ರು.”

“ಸೋಮವಾರ ಗುಂಡಿನೇ ಇರ್ಲಿಲ್ವಲ್ಲ ಸಾರ್.”

ಎಂಜಿನಿಯರ್ ನಕ್ಕ. “ಅದು ಸಭೆ. ಸಭೇಲಿ ಏನೇನೋ ಹೇಳ್ತಾರೆ ಬಿಡಿ.” ಡಬ್ಬ ತೆರೆದ. ಒಳಗೆ ಕಪ್ಪು ಬೂಟು, ಹೊಸದು, ಮೊಣಕಾಲಿನವರೆಗಿನದು. “ನಿಮಗೇ. ಹೊಸ ಕಟ್ಟಡದಲ್ಲಿ ಕೆಲಸಾನೂ ಇದೆ. ಸ್ವಚ್ಛತೆಯ ಮೇಲ್ವಿಚಾರಕ.”

“ಗುಂಡಿ ಸಿಕ್ಕಿದ ಮೇಲೆ ಏನು ಮಾಡ್ತೀರಿ?”

“ತೆಗೆದು ನೋಡಿ, ಶುದ್ಧ ಮಾಡಿ, ಮುಚ್ತೀವಿ. ನಿಯಮ ಇದೆ.”

“ನನ್ನ ಎದುರಿಗೆ ತೆಗೀಬೇಕು.”

“ಖಂಡಿತ. ನಿಮ್ಮ ಎದುರಿಗೇ.” ಎಂಜಿನಿಯರ್ ಎದ್ದು ಇವನ ಭುಜ ತಟ್ಟಿದ. ಆಚೆ ಹೋಗಿ ಬೀದಿ ತಿರುಗುವಲ್ಲಿ ಕರವಸ್ತ್ರ ತೆಗೆದು ಅದೇ ಕೈಯನ್ನು ಬೆರಳು ಬೆರಳಿಗೂ ಒರೆಸಿಕೊಂಡ. ಗುಂಡಿ ಕಿಟಕಿಯಿಂದ ನೋಡುತ್ತಿದ್ದ.

ಅಮ್ಮ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

“ಬೂಟು ಹಾಕ್ಕೋತೀಯಾ?”

“ಒಳಗೆ ಹಾವಿದ್ರೆ?”

“ಹಾವೇನು ಮಗಾ ಪಾಪ,” ಅಂದಳು ಅಮ್ಮ. “ಹಾವು ಕಚ್ಚೋ ಮುಂಚೆ ಭುಜ ತಟ್ಟಲ್ಲ.”

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಗು ಬಂದಿತ್ತು. ಆಮೇಲೆ ಅಮ್ಮ ನಗು ನಿಲ್ಲಿಸಿ, “ಹೋಗು ಮಗಾ,” ಅಂದಳು. “ಅವರು ಯಾಕೆ ಹುಡುಕ್ತಿದಾರೋ ಹುಡುಕ್ಲಿ. ನಾವು ಯಾಕೆ ಹುಡುಕ್ತಿದೀವಿ ಅಂತ ನಮಗೆ ಗೊತ್ತಲ್ಲ.”

*

ಶುಕ್ರವಾರ ಬೆಳಿಗ್ಗೆ ಅವನು ಸಲಾಕೆ ಹೆಗಲಿಗೆ ಹಾಕಿಕೊಂಡು ಕಾರ್ಖಾನೆಯ ಗೇಟಿಗೆ ಹೋದ. ಗೇಟಿನ ಗೂಡಿನಲ್ಲಿ ಮಾವ. ಕಾರ್ಖಾನೆ ಮುಚ್ಚಿದ ದಿನದಿಂದ ಮಾವನೇ ಅಲ್ಲಿ ಕಾವಲುಗಾರ. ಖಾಲಿ ಗೋಡೆ, ಮುಳ್ಳುಕಂಟಿ, ಊರಿನವರು ಎಸೆದ ಕಸ. ಇದನ್ನು ಕಾಯಲು ಇಪ್ಪತ್ತು ವರ್ಷ ಸಂಬಳ ಯಾಕೆ ಕೊಡುತ್ತಾರೆ ಅಂತ ಗುಂಡಿ ಎಷ್ಟೋ ಸಲ ಯೋಚಿಸಿದ್ದ. ಯೋಚನೆಯನ್ನು ಕೊನೆಯವರೆಗೆ ತೆಗೆದುಕೊಂಡು ಹೋಗಲು ಧೈರ್ಯವಾಗಿರಲಿಲ್ಲ. ಅಮ್ಮನ ಒಡಹುಟ್ಟಿದವನು.

“ಮಾವ, ಗುಂಡಿ ಎಲ್ಲಿ?”

“ಮರೆತು ಹೋಗಿದೆ ಅಳಿಯಾ. ವಯಸ್ಸಾಯ್ತು.” ಮಾವ ಕಣ್ಣು ಎತ್ತಲಿಲ್ಲ. “ಆ ಹುಣಿಸೆ ಮರದ ಮೂಲೆಗೆ ಮಾತ್ರ ಹೋಗ್ಬೇಡ. ಹಾವಿದೆ.”

ಗುಂಡಿ ಎರಡು ಹೆಜ್ಜೆ ಹೋದವನು ನಿಂತ. ಆ ಹಾವಿನ ಸುದ್ದಿ ಅವನು ಚಿಕ್ಕಂದಿನಿಂದ ಕೇಳಿದ್ದ. ಆಡಲು ಗೋಡೆ ಹತ್ತಿದ ಮಕ್ಕಳಿಗೆಲ್ಲ ಮಾವ ಅದನ್ನೇ ಹೇಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಆ ಹಾವನ್ನು ಮಾವನ ಹೊರತು ಒಬ್ಬರೂ ನೋಡಿರಲಿಲ್ಲ.

ಅವನು ನೇರ ಹುಣಿಸೆ ಮರದ ಮೂಲೆಗೆ ನಡೆದ.

ಮುಳ್ಳು ಕಡಿದ. ಒಡೆದ ಬಾಟಲಿ, ಹರಿದ ಹಾಸಿಗೆ, ಕೊಳೆತ ಗೋಣಿ, ಎಲ್ಲ ಕೈಯಿಂದಲೇ ಎಳೆದು ಹಾಕಿದ. ಅಂಗೈ ಸೀಳಿ ರಕ್ತ ಬಂತು. ಸಲಾಕೆಯನ್ನು ನೆಟ್ಟಗೆ ಎತ್ತಿ ಬಿಟ್ಟ. ದಪ್. ಒಂದು ಮಾರು ಮುಂದೆ ಹೋಗಿ ಮತ್ತೆ ಬಿಟ್ಟ. ದಪ್. ತುಂಬಿದ ನೆಲ. ಸದ್ದು ಸಾಲದೆ ಹೋದಾಗ ಸಲಾಕೆಯ ಮೇಲ್ತುದಿಯನ್ನು ಹಲ್ಲಲ್ಲಿ ಕಚ್ಚಿ, ಕೆಳಗೆ ಕಲ್ಲಿನಿಂದ ಕುಟ್ಟಿದ. ಟೊಳ್ಳು ನೆಲವನ್ನು ಕಿವಿಗಿಂತ ಮೊದಲು ಹಲ್ಲು ಹೇಳುತ್ತದೆ. ಅಪ್ಪ ಕಲಿಸಿದ್ದಲ್ಲ. ಕಲಿಸಲು ಅಪ್ಪ ಇರಲಿಲ್ಲ. ಕಚ್ಚಿ ಕಚ್ಚಿ ತಾನೇ ಕಲಿತದ್ದು.

ಮಧ್ಯಾಹ್ನದ ಹೊತ್ತಿಗೆ ದವಡೆಯೊಳಗೆ ಜುಂ ಅಂದಿತು.

ಮಣ್ಣು ಸರಿಸಿದ. ಕಬ್ಬಿಣದ ಮುಚ್ಚಳ. ಅದರ ಮೇಲೆ ಅಡ್ಡಲಾಗಿ ಎರಡು ಪಟ್ಟಿ. ಪಟ್ಟಿಗೆ ಬೆಸುಗೆ.

ಹದಿನಾಲ್ಕು ವರ್ಷ ಅವನು ಮುಚ್ಚಳ ಎತ್ತಿದ್ದ. ಬೆಸುಗೆ ಹಾಕಿದ ಮುಚ್ಚಳವನ್ನು ನೋಡಿದ್ದು ಅದೇ ಮೊದಲು. ಮೇಲಿಂದ ಯಾರೂ ಬೀಳಬಾರದು ಅಂತಾದರೆ ಮುಚ್ಚಿದರೆ ಸಾಕು. ಬೆಸುಗೆ ಹಾಕುವುದು ಮತ್ತೆ ಯಾರೂ ತೆಗೆಯಬಾರದು ಅಂತ.

“ಸಿಕ್ತಾ? ಭೇಷ್!” ಎಂಜಿನಿಯರ್ ಹಿಂದೆಯೇ ನಿಂತಿದ್ದ. ಕೈಯಲ್ಲಿ ಒಂದು ಹಾಳೆ, ಪೆನ್ನು. “ನಾಳೆ ಹತ್ತು ಗಂಟೆಗೆ ನಿಮ್ಮ ಎದುರಿಗೇ ತೆಗೆಯೋಣ. ಇಲ್ಲೊಂದು ಸಹಿ. ಗುಂಡಿ ತೋರಿಸಿದ್ದಕ್ಕೆ.”

“ಓದ್ತೀನಿ.”

“ಓದೋಕೆ ಬರುತ್ತಾ?”

ಬರುತ್ತಿತ್ತು. ನಿಧಾನ, ಅಕ್ಷರ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸಿಕೊಂಡು. ಎಂಜಿನಿಯರ್ ಗಡಿಯಾರ ನೋಡಿಕೊಂಡ. ಗುಂಡಿ ಓದಿದ. ‘ಸದರಿ ಗುಂಡಿಯು ಖಾಲಿ ಇದ್ದು, ನಾನೇ ಖುದ್ದಾಗಿ ಇಳಿದು ಪರಿಶೀಲಿಸಿರುತ್ತೇನೆ.’ ಇನ್ನೊಂದು ಸಲ ಓದಿದ.

“ನಾನು ಇಳಿದೇ ಇಲ್ವಲ್ಲ ಸಾರ್.”

“ಅದು ಸುಮ್ನೆ ಕಾಗದಕ್ಕೆ.”

“ನಮ್ಮಪ್ಪ ಓಡಿಹೋದ ಅಂತ ಬರೆದಿದ್ದೂ ಸುಮ್ನೆ ಕಾಗದಕ್ಕೇ.”

ಪೆನ್ನು ವಾಪಸು ಕೊಟ್ಟ. ಎಂಜಿನಿಯರಿನ ಮುಖ ನೋಡನೋಡುತ್ತಿದ್ದಂತೆ ಸೋಮವಾರಕ್ಕೆ ಹೋಯಿತು.

“ನೋಡು, ನಿನ್ನಂಥೋರು ಸಹಿ ಮಾಡ್ಲಿಲ್ಲ ಅಂತ ಊರು ಕಟ್ಟೋದು ನಿಲ್ಲಲ್ಲ. ಒಳಗೇನಾದ್ರೂ ಸಿಕ್ರೆ ವರ್ಷಗಟ್ಟಲೆ ಕೆಲಸ ನಿಲ್ಲುತ್ತೆ, ಗೊತ್ತಾ ನಿನಗೆ?”

ಬಾಯಿ ತಪ್ಪಿ ಆಡಿದ ಮಾತು. ಎಂಜಿನಿಯರ್ ತುಟಿ ಕಚ್ಚಿಕೊಂಡ. ತಡವಾಗಿತ್ತು.

“ಒಳಗೇನು ಸಿಗುತ್ತೆ ಸಾರ್?” ಅಂದ ಗುಂಡಿ.

*

ಶನಿವಾರ ಹತ್ತು ಗಂಟೆಗೆ ಅಂದಿದ್ದರು. ಆರೂವರೆಗೇ ಗೋಡೆಯಾಚೆ ದೊಡ್ಡ ಲಾರಿಯ ಗುರುಗುರು ಕೇಳಿಸಿತು. ಗುಂಡಿ ಬಾಯಿ ಮುಕ್ಕಳಿಸುತ್ತಿದ್ದವನು ಹಾಗೇ ಉಗುಳಿ ಓಡಿದ. ಚಪ್ಪಲಿ ಕಾಲಿಗೆ ಸಿಕ್ಕಿಸಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ಗೇಟು ತೆರೆದಿತ್ತು. ಹುಣಿಸೆ ಮರದವರೆಗೂ ಕಾಂಕ್ರೀಟ್ ಪಂಪಿನ ಕೊಳವೆ ಹಾಸಿದ್ದರು. ಮುಚ್ಚಳದ ಮೇಲೆ ಅಂಗೈ ಅಗಲದ ತೂತು ಕೊರೆದಿದ್ದರು. ಕೊಳವೆಯ ಬಾಯಿ ಆ ತೂತಿನಲ್ಲಿ ಕೂತಿತ್ತು. ತೆಗೆಯುವುದೂ ಇಲ್ಲ, ನೋಡುವುದೂ ಇಲ್ಲ. ತುಂಬುವುದಷ್ಟೇ.

ಅವನು ಓಡಿ ಕೊಳವೆ ಕಿತ್ತು ಮುಚ್ಚಳದ ಮೇಲೆ ಬಿದ್ದ. ಎಂಜಿನಿಯರ್ ಕರೆತಂದಿದ್ದ ಕಾವಲಿನ ಇಬ್ಬರು ಬಂದು ಕೂದಲು ಹಿಡಿದು ಎಳೆದರು. ಅಂಗಿ ಹರಿಯಿತು. ಪಕ್ಕೆಗೆ ಒದೆ ಬಿತ್ತು. ಬೆಸುಗೆಯ ಪಟ್ಟಿಯನ್ನು ಹಿಡಿದುಕೊಂಡಿದ್ದ. ಬೆರಳು ಒಂದೊಂದಾಗಿ ಬಿಡಿಸಿದರು. ಕೊಳವೆಯನ್ನು ಮತ್ತೆ ತೂತಿಗೆ ಸಿಕ್ಕಿಸಿದರು.

“ಶುರು ಮಾಡ್ರಿ!” ಎಂಜಿನಿಯರ್ ಪಂಪಿನವನಿಗೆ ಕೂಗಿದ.

ಆಗ ಅಮ್ಮ ಬಂದಳು. ಡಿಪೋದ ಸಮವಸ್ತ್ರದಲ್ಲಿದ್ದಳು. ಅಳಲಿಲ್ಲ, ಕೂಗಲಿಲ್ಲ. ಕೈಯಲ್ಲಿ ಹಳೇ ಕಾಗದದ ಪೊಟ್ಟಣ. ಮುಚ್ಚಳದ ಹತ್ತಿರ ಕೂತು ಬಿಚ್ಚಿದಳು. ಸುಕ್ಕುಗಟ್ಟಿ ಒಣಗಿದ ಒಂದು ಜೊತೆ ಚಪ್ಪಲಿ. ಗುಂಡಿಯ ಬಾಯಲ್ಲಿ ಇಟ್ಟಳು, ತುದಿ ಹೊರಮುಖವಾಗಿ. ಇಟ್ಟು ಎದ್ದು ನಿಂತಳು.

ಪಂಪಿನವನು ಹಿಡಿಕೆಯ ಮೇಲೆ ಕೈ ಇಟ್ಟಿದ್ದವನು ನಿಲ್ಲಿಸಿದ.

“ಯಾರ್ದಮ್ಮಾ ಅದು?”

“ನನ್ನ ಗಂಡಂದು.”

“ಎಲ್ಲಿದಾರೆ?”

“ಕೆಳಗೆ.”

ಪಂಪಿನವನು ಹಿಡಿಕೆಯಿಂದ ಕೈ ತೆಗೆದ. ಲಾರಿಯ ಎಂಜಿನ್ನೂ ಆರಿಸಿದ.

“ಏನಯ್ಯಾ ನಿಂದು? ಹಾಕು!”

“ನಮ್ಮಣ್ಣನೂ ಗುಂಡಿ ಕೆಲಸದವನೇ ಸಾರ್,” ಅಂದ ಪಂಪಿನವನು. “ಬಾಯಲ್ಲಿ ಚಪ್ಪಲಿ ಇದ್ರೆ ಮುಚ್ಚಲ್ಲ. ಬೇಕಾದ್ರೆ ನೀವೇ ಬಂದು ಹಿಡಿಕೆ ಎಳೀರಿ.”

“ಅದು ಹಳೇ ಚಪ್ಪಲಿ! ಇಪ್ಪತ್ತು ವರ್ಷದ್ದು!”

“ಹಾಗಾದ್ರೆ ಇಪ್ಪತ್ತು ವರ್ಷದಿಂದ ಕೆಳಗಿದಾನೆ.”

ಹಿಂದಿನ ಬೀದಿಯ ಜನ ಗೇಟಿನಿಂದ ಒಳಗೆ ಬರತೊಡಗಿದ್ದರು. ಕಾವಲಿನವರು ಗುಂಡಿಯ ತೋಳು ಬಿಟ್ಟರು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮಾವ ಬಂದ. ಅವನು ತಂಗಿಯನ್ನು ನೋಡಲಿಲ್ಲ. ಚಪ್ಪಲಿಯನ್ನು ನೋಡಿದ. ಆ ನೀಲಿ ಬೆರಳುಗಳನ್ನು ನೋಡಿದ.

“ಮೂರು,” ಅಂದ.

“ಏನು ಮಾವ?”

“ಮೂರು ಜೊತೆ. ನಾನು ಎರಡು ಅಂದೆ. ಮೂರು.” ಕೂತುಬಿಟ್ಟ. “ಸಂಜೆ ನೀನು ಬಂದು ಬರಿಗಾಲು ಅಂದ್ಯಲ್ಲ ತಂಗೀ, ಆಗ್ಲೇ ಗೊತ್ತಾಯ್ತು. ಸೂಪರ್‌ವೈಸರ್‌ಗೆ ಹೋಗಿ ಹೇಳ್ದೆ. ಎರಡು ಅಂದೋನು ನೀನು, ನೇಣು ನಿನಗೇ ಅಂದ. ಬಾಯಿ ಮುಚ್ಕೊಂಡು ಗೇಟು ಕಾಯಿ ಅಂದ. ಮಾರನೇ ದಿನ ಬೆಸುಗೆ ಹಾಕ್ಸಿದ. ಆ ಸಂಜೆ ತೆಗೆದಿದ್ರೆ...”

ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯ ಯಾರಿಗೂ ಇರಲಿಲ್ಲ. ಅಮ್ಮ ಅಣ್ಣನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂದುಕೊಂಡರು. ಅವಳು ಕೇಳಿದ್ದು ಒಂದೇ ಮಾತು.

“ಪ್ರತಿ ಹಬ್ಬಕ್ಕೂ ನನ್ನ ಮನೇಲಿ ಉಣ್ತಿದ್ಯಲ್ಲ ಅಣ್ಣಾ. ಹೇಗೆ ಇಳೀತು?”

*

ಬೆಸುಗೆ ಬಿಡಿಸಲು ಎರಡು ಗಂಟೆ ಹಿಡಿಯಿತು. ಉಳಿ ಹಿಡಿದು ಸುತ್ತಿಗೆ ಹೊಡೆದವನು ಗುಂಡಿಯೇ. ಅಂಗೈಯ ಗಾಯ ಒಡೆದು ಸುತ್ತಿಗೆಯ ಹಿಡಿ ಒದ್ದೆಯಾಯಿತು. ಪಂಪಿನವನು ಕೈ ಬದಲಾಯಿಸೋಣ ಅಂದರೂ ಕೊಡಲಿಲ್ಲ. ಎಂಜಿನಿಯರ್ ಫೋನು ಹಿಡಿದು ಮರದಾಚೆ ಹೋದವನು ತಿರುಗಿ ಬರಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಇನ್ನೂರು ಜನರ ಎದುರು ಅದನ್ನು ಮತ್ತೆ ಮುಚ್ಚಿಸಲು ಪೊಲೀಸರಿಗೂ ಬಾಯಿ ಬರಲಿಲ್ಲ.

ಗಾಳಿಯಾಡಲು ಬಿಟ್ಟರು. ಬತ್ತಿ ಹಚ್ಚಿ ಇಳಿಸಿದ. ಆರಲಿಲ್ಲ.

ತನ್ನ ಚಪ್ಪಲಿ ಬಿಚ್ಚಿ ಅಪ್ಪನ ಜೊತೆಯ ಪಕ್ಕದಲ್ಲಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಎರಡು ಸಲ ಎಳೆದು ನೋಡಿದ. ಮಾವ ಎರಡೂ ಕೈ ಚಾಚಿದ, ಹಗ್ಗಕ್ಕೆ. ಹಗ್ಗ ಹಿಡಿಯುವುದು ಅವನ ಕಸುಬಾಗಿತ್ತು. ಗುಂಡಿ ಆ ಕೈಗಳನ್ನು ನೋಡಿದ. ಹಗ್ಗದ ತುದಿಯನ್ನು ಅಮ್ಮನಿಗೆ ಕೊಟ್ಟ.

“ಎರಡು ಸಲ ಜಗ್ಗಿದ್ರೆ ಬಕೆಟ್ ಎಳಿ. ಮೂರು ಸಲ ಜಗ್ಗಿದ್ರೆ ನನ್ನ ಎಳಿ.”

“ನಾಲ್ಕು ಸಲ ಜಗ್ಗಿದ್ರೆ?”

“ನಾಲ್ಕು ಇಲ್ಲಮ್ಮ.”

“ಇರ್ಲಿ. ಜಗ್ಗು. ನಾನೂ ಇಳಿದು ಬರ್ತೀನಿ.” ಹಗ್ಗವನ್ನು ಸೊಂಟಕ್ಕೆ ಸುತ್ತಿ ಕಾಲು ಊರಿ ನಿಂತಳು.

ಕಂಬಿಗಳು ತುಕ್ಕು ತಿಂದಿದ್ದವು. ಒಂದು ಮುರಿಯಿತು. ಅವನು ಜೋತುಬಿದ್ದ. ಮೇಲೆ ಹಗ್ಗ ಬಿಗಿಯಿತು. ಕೆಳಗೆ ಒಣಗಿದ ಹೂಳು, ಪದರ ಪದರ. ಕೆಂಪು, ಹಳದಿ, ಕಡುನೀಲಿ. ಊರಿನವರು ಉಟ್ಟ ಬಣ್ಣವೆಲ್ಲ ತಳ ಸೇರಿತ್ತು. ಕೈಯಿಂದ ಕೆರೆದ. ಮೊದಲು ಸಿಕ್ಕಿದ್ದು ಹೂಳು ಕೆರೆಯುವ ಕರಣೆ, ಮರದ ಹಿಡಿಯದು. ಅದು ಗುಂಡಿಯ ನಡುವೆ ಇರಲಿಲ್ಲ. ಕಂಬಿಗಳ ಬುಡದಲ್ಲಿತ್ತು. ಗೋಡೆಯ ಮೇಲೆ ಆಳೆತ್ತರದಲ್ಲಿ ಗೀರುಗಳಿದ್ದವು. ಕಬ್ಬಿಣದಿಂದ ಗೀರಿದ್ದು. ಹತ್ತಾರು ಗೀರು, ಒಂದರ ಮೇಲೊಂದು, ಮುಚ್ಚಳದ ಕಡೆಗೆ.

ಗುಂಡಿ ಆ ಗೀರುಗಳ ಮೇಲೆ ಕೈಯಿಟ್ಟ. ಅದನ್ನು ಅಮ್ಮನಿಗೆ ಹೇಳಬಾರದು ಅಂತ ಅಲ್ಲೇ ತೀರ್ಮಾನ ಮಾಡಿದ.

ಮತ್ತೆ ಕೆರೆದ. ಮೂಳೆಗಳು ನೀಲಿಯಾಗಿದ್ದವು. ಒಂದೊಂದನ್ನೂ ಬಕೆಟ್ಟಿನಲ್ಲಿಟ್ಟ. ಎರಡು ಸಲ ಜಗ್ಗಿದ.

ಮೇಲೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಮ್ಮನ ಅಂಗೈ ಸುಲಿದಿತ್ತು. ಡಿಪೋದ ಮೇಲಂಗಿ ಬಿಚ್ಚಿ ನೆಲಕ್ಕೆ ಹಾಸಿ ಮೂಳೆಗಳನ್ನು ಜೋಡಿಸಿಟ್ಟಿದ್ದಳು. ಪಾದದ ಮೂಳೆಗಳ ಹತ್ತಿರ ಅಪ್ಪನ ಚಪ್ಪಲಿ. ಮೇಲೆ ಬಂದವನ ಚಪ್ಪಲಿಯನ್ನು ಗುಂಡಿಯ ಬಾಯಿಂದ ತೆಗೆಯಬೇಕು. ಅವಳು ತೆಗೆದಿದ್ದಳು. ಪೊಲೀಸಿನವನು ಕೂತು ಬರೆದುಕೊಳ್ಳುತ್ತಿದ್ದ. ಠಾಣೆಯ ಹಳೇ ಕಾಗದದಲ್ಲಿದ್ದ ‘ತಲೆಮರೆಸಿಕೊಂಡಿದ್ದಾನೆ’ ಅನ್ನುವ ಮಾತಿಗೆ ಅಡ್ಡಗೆರೆ ಎಳೆಯುವವರೆಗೂ ಅಮ್ಮ ಅವನ ಮುಂದಿನಿಂದ ಏಳಲಿಲ್ಲ. ಆಸ್ಪತ್ರೆಯ ವ್ಯಾನು ಬಂತು. ಮೂಳೆಗಳನ್ನು ಗಂಟು ಕಟ್ಟಿ ಒಳಗಿಟ್ಟರು. ಅಮ್ಮ ಹತ್ತಿ ಗಂಟಿನ ಪಕ್ಕ ಕೂತಳು.

ಆಗ ಸದಸ್ಯನ ಕಾರು ಬಂತು. ಹಿಂದೆಯೇ ಕ್ಯಾಮೆರಾದವರು. ಅವನು ಬಿಳಿ ಬಟ್ಟೆಯಲ್ಲಿದ್ದ. ಮೊದಲು ಮಾವನ ಕಡೆ ನೋಡಿದ. ಮಾವ ಪೊಲೀಸಿನವನ ಮುಂದೆ ಕೂತು ಮಾತಾಡುತ್ತಿದ್ದ, ನಿಲ್ಲಿಸದೆ, ಇಪ್ಪತ್ತು ವರ್ಷದ್ದನ್ನೆಲ್ಲ. ಸದಸ್ಯ ಕಾರಿನ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟ. ಆದರೆ ಕ್ಯಾಮೆರಾ ತಿರುಗಿತ್ತು. ಮುಖದ ಮೇಲೆ ದುಃಖ ತಂದುಕೊಂಡು, ಗುಂಡಿಯ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

“ಏನಪ್ಪಾ ಇದು? ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?”

ಮೈಕು ಅವನ ಬಾಯಿಯ ಹತ್ತಿರ ಬಂತು. ಅಲ್ಲಿ ಉತ್ತರವಿತ್ತು. ಟ್ರಂಕಿನ ತುಂಬ ಇತ್ತು. ಲೋಟದ ಕಲೆ ಇದ್ದ ಉತ್ತರವೂ ಇತ್ತು.

ಅವನು ಹೆಗಲ ಮೇಲಿದ್ದ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ, ಮೋರಿಯಲ್ಲಿ ಸಿಕ್ಕಿದ ಕಸ ಎತ್ತಿಡುವ ಹಾಗೆ. ಗುಂಡಿಯ ಬಾಯಲ್ಲಿ ಅವನದೇ ಜೊತೆ ಇತ್ತು, ತುದಿ ಹೊರಮುಖವಾಗಿ. ಅದನ್ನು ಹಾಕಿಕೊಳ್ಳಲಿಲ್ಲ. ಬಾಯಲ್ಲೇ ಬಿಟ್ಟ. ಪಂಪಿನವನು ಅದನ್ನು ನೋಡಿದ, ತಲೆಯಾಡಿಸಿದ, ಹೋಗಿ ಅದರ ಪಕ್ಕದಲ್ಲಿ ಕೂತ.

ಗುಂಡಿ ವ್ಯಾನಿನ ಹಿಂದೆ ಹೊರಟ. ಹಿಂದಿನ ಗೋಡೆಯ ಕಡೆಗಲ್ಲ, ದೊಡ್ಡ ಗೇಟಿನ ಕಡೆಗೆ. ಬಿಸಿಲಿಗೆ ಕಾದ ನೆಲ ಅಂಗಾಲು ಸುಡುತ್ತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ನೀಲಿ ಪಾದ ಮೂಡುತ್ತಿತ್ತು.

“ಕೇಳ್ತಾ ಇದೀನಿ ಕಣೋ, ಯಾಕೆ ಹೇಳ್ಲಿಲ್ಲ?” ಹಿಂದಿನಿಂದ ಸದಸ್ಯನ ದನಿ.

ಅವನು ಬರಿಗಾಲಲ್ಲಿದ್ದ. ಓಡಲಿಲ್ಲ. ನಡೆದ.